1453ರ ಮೊದಲು ಇನ್ನೊಂದು ಇಸವಿ ಬರೆದರೆ

ಹುಬ್ಬಳ್ಳಿ–ಧಾರವಾಡದ ಕಡೆ ಕನ್ನಡ ಸಾಲಿಯಲ್ಲಿ ಹತ್ತನೇತ್ತ ಮುಗಿಸಿದ ಯಾರನ್ನೇ ಆಗಲಿ ನಿಲ್ಲಿಸಿ, 1453ರಲ್ಲಿ ಏನಾಯಿತು ಎಂದು ಕೇಳಿ ನೋಡಿ. ಚಿಗರಿ ಬಸ್ಸಿನಲ್ಲಿ ನಿಂತವರಿರಲಿ, ಅಮರಗೋಳದ ಎಪಿಎಂಸಿಯಲ್ಲಿ ಚೀಲ ಎಣಿಸುವವರಿರಲಿ, ಉತ್ತರ ತಡವಿಲ್ಲದೆ ಬರುತ್ತದೆ. ಆಟೋಮನ್ ಟರ್ಕರು ಕಾನ್‌ಸ್ಟಾಂಟಿನೋಪಲ್ ವಶಪಡಿಸಿಕೊಂಡರು, ಅದಕ್ಕೇ ಯುರೋಪಿನವರು ಭಾರತಕ್ಕೆ ಹೊಸ ಜಲಮಾರ್ಗ ಹುಡುಕಿದರು. ಹತ್ತು ವರ್ಷದ ಹಿಂದೆ ಪಾಸಾದವರಿಗೂ ಮೂವತ್ತು ವರ್ಷದ ಹಿಂದೆ ಪಾಸಾದವರಿಗೂ ಇದೊಂದು ವಾಕ್ಯ ಮರೆತಿಲ್ಲ. ಬೇರೆಲ್ಲ ಮರೆತರೂ ಇದು ಉಳಿಯಿತಲ್ಲ ಎಂದು ಸಂತೋಷಪಡಬಹುದಿತ್ತು. ಆದರೆ ಆ 'ಅದಕ್ಕೇ' ಎಂಬ ಪದ ಮಾತ್ರ ಬಹಳ ದಿನಗಳಿಂದ ಕಾಡುತ್ತಿದೆ. ಆ ಪದದ ಮೇಲೆ ಯಾರೂ ಒಂದು ಪ್ರಶ್ನೆಯನ್ನೂ ಕೇಳಿರುವುದಿಲ್ಲ. ಪ್ರೌಢಶಾಲೆಯಲ್ಲಿ ಜಗತ್ತಿನ ಇತಿಹಾಸ ಯಾಕೆ ಓದಬೇಕು ಎಂಬ ಮಾತು ಬಂದಾಗಲೆಲ್ಲ ನಾವು ಯಾವ ಪಾಠ ಇರಬೇಕು, ಯಾವುದು ಬೇಡ ಎಂದು ಜಗಳವಾಡುತ್ತೇವೆ. ಫ್ರಾನ್ಸಿನ ಕ್ರಾಂತಿ ಇರಲೋ, ರೋಮನ್ನರು ಇರಲೋ ಎಂದು. ನಿಜವಾಗಿ ಕಲಿಯಬೇಕಾದ್ದು ಆ 'ಅದಕ್ಕೇ'ಯನ್ನು ಪರೀಕ್ಷಿಸುವ ವಿದ್ಯೆ. ಎಂಟರಿಂದ ಹತ್ತರವರೆಗಿನ ಪುಸ್ತಕಗಳಲ್ಲಿ ಅದಕ್ಕೆ ಬೇಕಾದ ಸಾಮಗ್ರಿ ಸಾಕಷ್ಟಿದೆ. ಆ ಸಾಮಗ್ರಿಯನ್ನು ಕೈಗೆತ್ತಿಕೊಳ್ಳುವ ರೂಢಿಯೊಂದೇ ಇಲ್ಲ.

ಹಲಗೆಯ ಮೇಲೆ ಆರು ಇಸವಿ

ನವಲಗುಂದ ತಾಲ್ಲೂಕಿನ ಒಂದು ಸರಕಾರಿ ಪ್ರೌಢಶಾಲೆಯಲ್ಲಿ ಕಂಡ ಪಾಠ ಇದು. ಟೀಚರ್ ಪುಸ್ತಕ ತೆಗೆಸಲಿಲ್ಲ. ಹಲಗೆಯ ಮೇಲೆ ಆರು ಇಸವಿಗಳನ್ನು ಹಿಂದುಮುಂದಾಗಿ ಬರೆದರು. ಪ್ರತಿಯೊಂದರ ಮುಂದೆ ಒಂದೇ ಸಾಲು. 1498: ವಾಸ್ಕೋ ಡ ಗಾಮಾ ಕಲ್ಲಿಕೋಟೆಯ ಹತ್ತಿರ ಬಂದಿಳಿದ. 1453: ಕಾನ್‌ಸ್ಟಾಂಟಿನೋಪಲ್ ಟರ್ಕರ ಕೈಸೇರಿತು. 1517: ಟರ್ಕರು ಈಜಿಪ್ಟ್ ಗೆದ್ದರು. 1415: ಪೋರ್ಚುಗೀಸರು ಆಫ್ರಿಕಾದ ಉತ್ತರ ತುದಿಯ ಸ್ಯೂಟಾ ಹಿಡಿದರು. 1488: ಬಾರ್ತೊಲೊಮಿಯೊ ಡಯಾಸ್ ಆಫ್ರಿಕಾದ ದಕ್ಷಿಣ ತುದಿ ಸುತ್ತಿದ. 1434: ಪೋರ್ಚುಗೀಸ್ ಹಡಗು ಆಫ್ರಿಕಾದ ಪಶ್ಚಿಮ ದಂಡೆಯ ಬೊಜಡೋರ್ ಭೂಶಿರ ದಾಟಿತು. ಮಕ್ಕಳು ಇವನ್ನು ಕ್ರಮವಾಗಿ ಜೋಡಿಸಿ ಬರೆದುಕೊಳ್ಳಬೇಕು, ಅಷ್ಟೇ. ಐದು ನಿಮಿಷದ ಕೆಲಸ. ನಾಲ್ಕನೇ ನಿಮಿಷಕ್ಕೆ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತಳು: "ಅಕ್ಕೋರ, 1415ಕ್ಕನ ಅವ್ರು ಹೊಂಟಿದ್ರಂದ್ರ 1453 ಹೆಂಗ ಕಾರಣ ಆಗ್ತೈತ್ರಿ?"

"ನೀನ ಹೇಳ್ ನೋಡೂಣವಾ" ಅಂದರು ಟೀಚರ್. ಅವಳು ಹೇಳಲಿಲ್ಲ. ಆದರೆ ಪಕ್ಕದ ಹುಡುಗ ಎದ್ದು ಎಲ್ಲರ ಮನಸ್ಸಿನಲ್ಲಿದ್ದುದನ್ನೇ ಕೇಳಿಬಿಟ್ಟ: "ಪರೀಕ್ಷಾದಾಗ ಏನ್ ಬರೀಬೇಕ್ರಿ ಮತ್ತ?" ಅದಕ್ಕೆ ಬಂದ ಉತ್ತರ ಚೊಕ್ಕವಾಗಿತ್ತು. "1453 ಅಂತನ ಬರೀರಿ. ಮಾರ್ಕ್ಸ್ ಅದಕ್ಕ ಅದಾವ. ಬರದು, ಅದರ ಕೆಳಗ ಇನ್ನೊಂದು ಸಾಲು ಬರೀರಿ: ಪೋರ್ಚುಗೀಸರ ಸಮುದ್ರಯಾನ ಅದಕ್ಕೂ ಮೊದಲ ಚಾಲೂ ಆಗಿತ್ತು ಅಂತ."

ಆ ಒಂದು ಸಾಲಿನ ಹಿಂದೆ ಬಹಳಷ್ಟು ಸಂಗತಿಯಿದೆ. ನಮ್ಮ ಕರಾವಳಿಯ ಮೆಣಸು ಯುರೋಪಿಗೆ ಹೋಗುತ್ತಿದ್ದ ದೊಡ್ಡ ದಾರಿ ಕಾನ್‌ಸ್ಟಾಂಟಿನೋಪಲ್ ಮೇಲೆ ಹಾಯುತ್ತಲೇ ಇರಲಿಲ್ಲ. ಅದು ಕೆಂಪು ಸಮುದ್ರದ ಮೂಲಕ ಈಜಿಪ್ಟಿನ ಅಲೆಕ್ಸಾಂಡ್ರಿಯಾಕ್ಕೆ ಹೋಗಿ, ಅಲ್ಲಿಂದ ವೆನಿಸ್ಸಿನ ವರ್ತಕರ ಹಡಗು ಹತ್ತುತ್ತಿತ್ತು. ಈಜಿಪ್ಟ್ ಆಗ ಮಾಮ್ಲೂಕ್ ಸುಲ್ತಾನರ ಕೈಯಲ್ಲಿತ್ತು, ಆಟೋಮನ್ನರ ಕೈಗೆ ಬಂದದ್ದು 1517ರಲ್ಲಿ. ಅಷ್ಟರಲ್ಲಿ ಗಾಮಾ ಬಂದು ಹೋಗಿ ಹತ್ತೊಂಬತ್ತು ವರ್ಷವಾಗಿತ್ತು, ಗೋವೆ ಪೋರ್ಚುಗೀಸರದ್ದಾಗಿ ಏಳು ವರ್ಷವಾಗಿತ್ತು. ಹಾಗಾದರೆ 1453 ಸುಳ್ಳು ಕಾರಣವೇ? ಅಲ್ಲ. ಕಪ್ಪು ಸಮುದ್ರದ ವ್ಯಾಪಾರದಲ್ಲಿ ಜಿನೋವಾದವರಿಗೆ ಅದರಿಂದ ಪೆಟ್ಟು ಬಿತ್ತು. ಅವರ ಹಣ, ಅವರ ನಾವಿಕರು ಪಶ್ಚಿಮದ ಸ್ಪೇನ್–ಪೋರ್ಚುಗಲ್ ಕಡೆ ಹೆಚ್ಚು ಹೊರಳಿದರು. ಕೊಲಂಬಸ್ ಜಿನೋವಾದವನೇ. ಅಂದರೆ 1453 ಮೊದಲೇ ಹೊತ್ತಿದ್ದ ಒಲೆಗೆ ಇಟ್ಟ ಇನ್ನೊಂದು ಕಟ್ಟಿಗೆ. ಒಲೆ ಹೊತ್ತಿಸಿದ್ದು ಅದಲ್ಲ. ಮಕ್ಕಳಿಗೆ ಇದು ತಿಳಿಯುವುದಿಲ್ಲ ಎನ್ನುವವರು ಒಮ್ಮೆ ಹೀಗೆ ಪಾಠ ಮಾಡಿ ನೋಡಬೇಕು. ಹದಿನೈದು ವರ್ಷದ ಮಕ್ಕಳಿಗೆ ಇದು ಚೆನ್ನಾಗಿ ತಿಳಿಯುತ್ತದೆ.

ಇದರ ಜೊತೆ ಮಾಡಬೇಕಾದ ಇನ್ನೊಂದು ಕೆಲಸಕ್ಕೆ ಗ್ಲೋಬು ಬೇಕು. ಬಹಳಷ್ಟು ಸಾಲಿಗಳಲ್ಲಿ ಅದು ಕಪಾಟಿನ ಮೇಲೆ ಧೂಳು ತಿನ್ನುತ್ತ ಕುಳಿತಿರುತ್ತದೆ. ಹನ್ನೆರಡು ಇಂಚಿನ ಗ್ಲೋಬಾದರೆ ಅದರ ಸುತ್ತಳತೆ ಸುಮಾರು 95 ಸೆಂ.ಮೀ. ಭೂಮಿಯ ಸುತ್ತಳತೆ 40,000 ಕಿ.ಮೀ. ಆದ್ದರಿಂದ ಒಂದು ಸೆಂಟಿಮೀಟರ್ ಅಂದರೆ 420 ಕಿ.ಮೀ. ಹತ್ತಿರ. ದಪ್ಪ ದಾರ ತೆಗೆದುಕೊಂಡು ಲಿಸ್ಬನ್ನಿನಿಂದ ಆಫ್ರಿಕಾದ ಕರಾವಳಿ ಹಿಡಿದು, ತುದಿ ಸುತ್ತಿಸಿ, ಪೂರ್ವ ದಂಡೆಯ ಮಾಲಿಂದಿವರೆಗೆ ತಂದು, ಅಲ್ಲಿಂದ ಕಲ್ಲಿಕೋಟೆಗೆ ಎಳೆಯಿರಿ. 45 ಸೆಂ.ಮೀ. ಆಸುಪಾಸು ಬರುತ್ತದೆ. ಇನ್ನೊಂದು ದಾರವನ್ನು ವೆನಿಸ್ಸಿನಿಂದ ಅಲೆಕ್ಸಾಂಡ್ರಿಯಾ, ಕೆಂಪು ಸಮುದ್ರ, ಏಡನ್ ಮೇಲಿಂದ ಕಲ್ಲಿಕೋಟೆಗೆ ತನ್ನಿ. 20 ಸೆಂ.ಮೀ. ಆಸುಪಾಸು. ಗೋಡೆಯ ನಕಾಶೆಯ ಮೇಲೆ ದಾರ ಹಿಡಿದರೆ ಲೆಕ್ಕ ತಪ್ಪುತ್ತದೆ. ಚಪ್ಪಟೆ ನಕಾಶೆ ಉತ್ತರ–ದಕ್ಷಿಣದ ಕೊನೆಗಳನ್ನು ಹಿಗ್ಗಿಸಿರುತ್ತದೆ, ಯುರೋಪು ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಎರಡೂ ದಾರಗಳನ್ನು ಪಕ್ಕಪಕ್ಕ ತೂಗುಬಿಟ್ಟಾಗ ಮಕ್ಕಳ ಬಾಯಿಂದ ತಾನಾಗಿ ಬರುವ ಪ್ರಶ್ನೆಯೇ ನಿಜವಾದ ಪಾಠ: ಎರಡು ಪಟ್ಟು ದೂರದ ದಾರಿ ಯಾಕೆ ಬೇಕಾಯಿತು? ಆಗ ದಾರಿಯುದ್ದಕ್ಕೂ ಇದ್ದ ಸುಂಕಗಳು, ಕೈಬದಲಾಗುತ್ತ ಏರುವ ದರ, ವೆನಿಸ್ಸಿನ ಏಕಸ್ವಾಮ್ಯ ಎಲ್ಲ ಹೇಳಬಹುದು. ನಮ್ಮ ಮಕ್ಕಳಿಗೆ ದಲಾಲಿ ಅಂದರೆ ಏನೆಂದು ಯಾರೂ ಬಿಡಿಸಿ ಹೇಳಬೇಕಿಲ್ಲ.

ಇಲ್ಲೇ ಒಂದು ಸಣ್ಣ ಮಾತು. ಬ್ಯಾಡಗಿಯ ಮೆಣಸಿನಕಾಯಿ ನಮ್ಮ ನೆಲದ್ದೇ ಎಂದು ನಾವೆಲ್ಲ ನಂಬಿದ್ದೇವೆ. ಅದಕ್ಕೆ ಭೌಗೋಳಿಕ ಗುರುತಿನ ಮನ್ನಣೆಯೂ ಸಿಕ್ಕಿದೆ. ಆ ಗಿಡದ ಮೂಲ ಮಾತ್ರ ಅಮೆರಿಕ ಖಂಡ. 1492ರ ನಂತರವೇ ಅದು ಸಮುದ್ರ ದಾಟಿದ್ದು, ಪೋರ್ಚುಗೀಸರ ಹಡಗುಗಳಲ್ಲಿ ಇಲ್ಲಿಗೆ ಬಂದದ್ದು. ಅದಕ್ಕೆ ಸಾಕ್ಷಿ ಬೇಕಾದರೆ ಪದವೇ ಇದೆ. ನಮ್ಮಲ್ಲಿ ಮೊದಲಿದ್ದದ್ದು ಮೆಣಸು. ಹೊಸದಾಗಿ ಬಂದ ಖಾರದ ಕಾಯಿಗೆ ಬೇರೆ ಹೆಸರಿರಲಿಲ್ಲ, ಮೆಣಸಿನಂತೆ ಖಾರವಾದ ಕಾಯಿ ಮೆಣಸಿನಕಾಯಿ ಆಯಿತು. ಕೊಲಂಬಸ್ಸನ ಕಡೆಯವರೂ ಅದನ್ನು ಕಂಡು ಮೆಣಸಿನ ಹೆಸರನ್ನೇ ಕೊಟ್ಟರು. ಬಟಾಟಿ, ಪಗಾರ, ಚಾವಿ ಕೂಡ ಪೋರ್ಚುಗೀಸ್ ಮಾತುಗಳೇ. ಮನೆಯಲ್ಲಿ ದಿನಾ ಆಡುವ ಇಂಥ ಪದಗಳನ್ನು ಹೆಕ್ಕಿ ತರಲು ಹೇಳಿದರೆ ಒಂದು ವಾರ ಮಕ್ಕಳು ಅದೇ ಗುಂಗಿನಲ್ಲಿರುತ್ತಾರೆ.

ಒಂದು ಹಿಡಿ ಹತ್ತಿ

ಒಂಬತ್ತನೇತ್ತದ ಕೈಗಾರಿಕಾ ಕ್ರಾಂತಿಯ ಪಾಠ ಯಂತ್ರಗಳ ಹೆಸರು, ಕಂಡುಹಿಡಿದವರ ಹೆಸರು ಹೇಳಿ ಮುಗಿಯುತ್ತದೆ. ಹೊಂದಿಸಿ ಬರೆಯಿರಿ ಎಂಬ ಪ್ರಶ್ನೆಗೆ ಅದು ಸಾಕು. ಆದರೆ ಗದಗ, ನರಗುಂದ, ನವಲಗುಂದ, ಅಣ್ಣಿಗೇರಿಯ ಎರಿ ಹೊಲಗಳ ನಡುವಿನ ಸಾಲಿಯಲ್ಲಿ ಕುಳಿತು ಹತ್ತಿಯನ್ನು ಕೈಯಲ್ಲಿ ಹಿಡಿಯದೆ ಆ ಪಾಠ ಮುಗಿಸುವುದು ನಷ್ಟದ ಮಾತು.

ಬಿಡಿಸಿದ ಹತ್ತಿಯನ್ನು, ಬೀಜ ಇದ್ದಂತೆಯೇ, ಒಬ್ಬೊಬ್ಬರಿಗೆ ಒಂದೊಂದು ಹಿಡಿ ಕೊಡಬೇಕು. ಹತ್ತು ನಿಮಿಷ ಬೆರಳಿನಿಂದಲೇ ಬೀಜ ಬಿಡಿಸಲಿ. ಅಮೆರಿಕದ ತಳಿಯಿಂದ ಬಂದ ಹತ್ತಿಯಾದರೆ ಎಳೆ ಬೀಜಕ್ಕೆ ಬಿಗಿಯಾಗಿ ಅಂಟಿರುತ್ತದೆ, ಎಳೆದರೆ ಹರಿಯುತ್ತದೆ, ಬೀಜದ ಮೇಲೆ ತುಪ್ಪಳ ಉಳಿಯುತ್ತದೆ. ಹತ್ತು ನಿಮಿಷ ಕಳೆದು ತೂಗಿದರೆ ಅರಳಿ, ಅಂದರೆ ಬೀಜ ತೆಗೆದ ಹತ್ತಿ, ಕೆಲವೇ ಗ್ರಾಂ ಇರುತ್ತದೆ. ಅಮೆರಿಕದ ದಕ್ಷಿಣದ ತೋಟಗಳಲ್ಲಿ ಒಬ್ಬ ಮನುಷ್ಯ ಇಡೀ ದಿನ ಕುಳಿತರೆ ಒಂದು ಪೌಂಡ್, ಅಂದರೆ ಅರ್ಧ ಕಿಲೋಗಿಂತ ಕಡಿಮೆ ಅರಳಿ ಬಿಡಿಸುತ್ತಿದ್ದ ಎಂಬ ಲೆಕ್ಕ ಆಗ ಬೆರಳಿಗೇ ಅರ್ಥವಾಗುತ್ತದೆ. 1793ರಲ್ಲಿ ಎಲಿ ವಿಟ್ನಿ ಮಾಡಿದ ಜಿನ್ನಿನಲ್ಲಿ ಹಲ್ಲುಗಳುಳ್ಳ ಸಿಲಿಂಡರ್ ತಿರುಗಿ, ಎಳೆಯನ್ನು ಇಕ್ಕಟ್ಟಾದ ಸಂದಿಯೊಳಗಿಂದ ಎಳೆದುಕೊಳ್ಳುತ್ತಿತ್ತು. ಸಂದಿ ಚಿಕ್ಕದಾದ್ದರಿಂದ ಬೀಜ ಹೊರಗೇ ಉಳಿದು ಕೆಳಗೆ ಬೀಳುತ್ತಿತ್ತು. ಇದೇ ಮುಂದೆ ಗರಗಸದ ಜಿನ್ ಆಯಿತು. ಗದಗಿನ ಜಿನ್ನಿಂಗ್ ಫ್ಯಾಕ್ಟರಿ ನೋಡಿದ ಮಕ್ಕಳಿಗೆ ಇದನ್ನು ಚಿತ್ರ ಬರೆದು ತೋರಿಸಿದರೆ ಕೂಡಲೇ ಹಿಡಿಯುತ್ತಾರೆ. ನೂರು ಕಿಲೋ ಹತ್ತಿಗೆ ಮೂರನೇ ಒಂದು ಭಾಗದಷ್ಟು ಅರಳಿ, ಉಳಿದದ್ದು ಹತ್ತಿಕಾಳು ಎಂಬ ಲೆಕ್ಕ ಹಲವರ ಮನೆಯಲ್ಲೇ ಗೊತ್ತಿರುತ್ತದೆ.

ಈಗ ಪ್ರಶ್ನೆ. ಕೆಲಸ ಹಗುರ ಮಾಡುವ ಯಂತ್ರ ಬಂದ ಮೇಲೆ ಗುಲಾಮರು ಕಡಿಮೆಯಾಗಬೇಕಿತ್ತಲ್ಲವೇ? ತರಗತಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳು ಹೌದು ಎಂದೇ ಕೈ ಎತ್ತುತ್ತಾರೆ. ಆಗ ಎರಡು ಅಂಕಿ ಬರೆಯಬೇಕು. 1790ರಲ್ಲಿ ಅಮೆರಿಕದಲ್ಲಿದ್ದ ಗುಲಾಮರು ಸುಮಾರು 7 ಲಕ್ಷ. 1860ರಲ್ಲಿ ಸುಮಾರು 40 ಲಕ್ಷ. ಬೀಜ ಬಿಡಿಸುವ ತೊಡಕು ಕಳೆದ ಮೇಲೆ ಹತ್ತಿ ಬೆಳೆಯುವುದು ಲಾಭದ ಕೆಲಸವಾಯಿತು. ಬಿತ್ತುವುದು, ಕಳೆ ತೆಗೆಯುವುದು, ಬಿಡಿಸುವುದು ಎಲ್ಲ ಕೈಯಿಂದಲೇ ಆಗಬೇಕಿತ್ತು, ಆ ಕೈಗಳನ್ನು ಬಲವಂತದಿಂದ ತಂದರು. ಯಂತ್ರ ಬಂದರೆ ಮನುಷ್ಯನ ಕಷ್ಟ ತಾನಾಗಿ ಇಳಿಯುತ್ತದೆ ಎಂಬ ನಂಬಿಕೆಯನ್ನು ಇಷ್ಟು ಸರಳವಾಗಿ ಅಲುಗಾಡಿಸುವ ಇನ್ನೊಂದು ಉದಾಹರಣೆ ಪ್ರೌಢಶಾಲೆಯ ಮಟ್ಟದಲ್ಲಿ ಸಿಗುವುದು ಕಷ್ಟ.

ಇಲ್ಲಿಂದ ಕತೆ ಧಾರವಾಡಕ್ಕೆ ಬರುತ್ತದೆ. ಬರುವ ದಾರಿಯಲ್ಲೇ ದೊಡ್ಡ ತಪ್ಪೂ ಆಗುತ್ತದೆ. ಅಮೆರಿಕದಲ್ಲಿ 1861ರಿಂದ 1865ರವರೆಗೆ ಅಂತರ್ಯುದ್ಧ ನಡೆಯಿತು, ಉತ್ತರದವರು ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿದರು, ಇಂಗ್ಲೆಂಡಿನ ಲ್ಯಾಂಕಶೈರಿನ ಗಿರಣಿಗಳಿಗೆ ಹತ್ತಿ ಬರುವುದು ನಿಂತಿತು, ಆದ್ದರಿಂದ ಇಂಗ್ಲಿಷರು ಅಮೆರಿಕದ ಹತ್ತಿ ಬೀಜ ತಂದು ನಮ್ಮಲ್ಲಿ ಬಿತ್ತಿಸಿದರು. ಕೇಳಲು ಸರಿಯಾಗಿಯೇ ಇದೆ. ಸ್ಥಳೀಯ ಇತಿಹಾಸ ಬಲ್ಲೆವು ಎನ್ನುವವರೂ ಹೀಗೇ ಹೇಳುತ್ತಾರೆ. ಮತ್ತೆ ಹಲಗೆಯ ಮೇಲೆ ಇಸವಿ ಬರೆಯಬೇಕು. ಅಮೆರಿಕದ ನ್ಯೂ ಆರ್ಲಿಯನ್ಸ್ ಹತ್ತಿ ಬೀಜದ ಪ್ರಯೋಗ ಧಾರವಾಡ ಜಿಲ್ಲೆಯಲ್ಲಿ ಶುರುವಾದದ್ದು 1840ರ ದಶಕದಲ್ಲಿ. ಈಸ್ಟ್ ಇಂಡಿಯಾ ಕಂಪನಿ ಅಮೆರಿಕದಿಂದಲೇ ಹತ್ತಿ ಬೆಳೆಯುವವರನ್ನು ಕರೆಸಿತ್ತು, ಹುಬ್ಬಳ್ಳಿ ಹತ್ತಿರದ ಕುಸುಗಲ್ಲಿನಲ್ಲಿ ಪ್ರಯೋಗದ ಹೊಲ ಮಾಡಿತ್ತು. ಯುದ್ಧಕ್ಕಿಂತ ಇಪ್ಪತ್ತು ವರ್ಷ ಮೊದಲು! ಲ್ಯಾಂಕಶೈರಿಗೆ ಬೇಕಾದ ಹತ್ತಿಯಲ್ಲಿ ಮುಕ್ಕಾಲು ಪಾಲು ಒಂದೇ ದೇಶದಿಂದ ಬರುತ್ತಿದ್ದುದೇ ಅಲ್ಲಿನವರಿಗೆ ಆಗಲೇ ಅಂಜಿಕೆ ಹುಟ್ಟಿಸಿತ್ತು. ಯುದ್ಧ ಮಾಡಿದ್ದೇನೆಂದರೆ, ಅದಾಗಲೇ ಇಲ್ಲಿ ಬೇರು ಬಿಟ್ಟಿದ್ದ ಬೆಳೆಗೆ ಬೆಲೆ ತಂದಿತು. ಲಿವರ್‌ಪೂಲಿನಲ್ಲಿ ಹತ್ತಿಯ ದರ ಸುಮಾರು ನಾಲ್ಕು ಪಟ್ಟು ಏರಿತು.

ಆಗ ಪ್ಯಾಟಿಯಲ್ಲಿ ಎರಡು ಹೆಸರುಗಳಿದ್ದವು. ದೇಶಿ ಹತ್ತಿಗೆ ಕುಮಟಾ, ಅದು ಹಡಗು ಹತ್ತುತ್ತಿದ್ದ ಬಂದರಿನ ಹೆಸರು. ಹೊಸದಕ್ಕೆ ಧಾರವಾಡ–ಅಮೆರಿಕನ್. ವ್ಯತ್ಯಾಸ ತಿಳಿಯಲು ಈಗಲೂ ಒಂದು ಸರಳ ಪರೀಕ್ಷೆ ಮಾಡಬಹುದು. ಬೀಜದ ಮೇಲಿನ ಎಳೆಗಳನ್ನು ಸಣ್ಣ ಹಣಿಗೆಯಿಂದ ಎರಡೂ ಬದಿಗೆ ಬಾಚಿ, ಕಪ್ಪು ಅರಿವೆಯ ಮೇಲಿಟ್ಟು ಸ್ಕೇಲ್ ಹಿಡಿಯಬೇಕು. ಜಯಧರ ಎಂಬ ದೇಶಿ ತಳಿ ಇನ್ನೂ ಬೆಳೆಯುವ ರೈತರು ಸಿಕ್ಕರೆ ಅದರ ಎಳೆ ಎರಡು ಸೆಂಟಿಮೀಟರಿಗಿಂತ ತುಸು ಹೆಚ್ಚು, ಡಿಸಿಎಚ್‌ ಎಂಬ ಸಂಕರ ಹತ್ತಿಯದು ಮೂರೂವರೆ ಸೆಂಟಿಮೀಟರಿನ ಹತ್ತಿರ. ಬಾಚುವಾಗ ಅವಸರ ಮಾಡಿದರೆ ಎಳೆ ತುಂಡಾಗಿ ಅಳತೆ ಕಡಿಮೆ ಬರುತ್ತದೆ, ಅದಕ್ಕೇ ಐದಾರು ಬೀಜಗಳನ್ನು ಅಳೆದು ಸರಾಸರಿ ತೆಗೆಯಬೇಕು. ಲ್ಯಾಂಕಶೈರಿನ ಯಂತ್ರಗಳು ಅಮೆರಿಕದ ಎಳೆಗೆ ಹೊಂದಿಸಿದವು. ಅಲ್ಲಿ 'ಸೂರತ್' ಎಂದು ಕರೆಸಿಕೊಳ್ಳುತ್ತಿದ್ದ ಭಾರತದ ಗಿಡ್ಡ ಎಳೆಯ ಹತ್ತಿ ಹಾಕಿದರೆ ನೂಲು ಮತ್ತೆ ಮತ್ತೆ ಹರಿಯುತ್ತಿತ್ತು. ಕೂಲಿ ಉತ್ಪಾದನೆಯ ಲೆಕ್ಕದಲ್ಲಿ ಸಿಗುತ್ತಿದ್ದುದರಿಂದ ಕಾರ್ಮಿಕರ ಪಗಾರವೂ ಇಳಿಯುತ್ತಿತ್ತು. ಎಳೆಯ ಕೆಲವೇ ಮಿಲಿಮೀಟರಿನ ಅಂತರ ಒಂದು ಖಂಡದ ಕೂಲಿಯವರ ಹೊಟ್ಟೆಗೂ ಇನ್ನೊಂದು ಖಂಡದ ರೈತರ ಬಿತ್ತನೆಗೂ ಹೇಗೆ ಕೊಂಡಿಯಾಗುತ್ತದೆ ಎಂಬುದು ಸ್ಕೇಲ್ ಹಿಡಿದ ಮಗುವಿಗೆ ಕಾಣುತ್ತದೆ.

ಬೆಲೆ ಏರಿದಾಗ ಕಲಬೆರಕೆಯೂ ಏರಿತು. ಎರಡೂ ಬಗೆಯ ಹತ್ತಿಯನ್ನು ಬೆರೆಸಿ ಮಾರುವುದು ಹೆಚ್ಚಾಗಿ, ಮುಂಬೈ ಸರಕಾರ 1863ರಲ್ಲಿ ಹತ್ತಿ ಮೋಸದ ವಿರುದ್ಧ ಕಾಯ್ದೆಯನ್ನೇ ತಂದಿತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸಿನಿಂದ ತೆಗೆದು ಮುಂಬೈ ಪ್ರಾಂತಕ್ಕೆ ಸೇರಿಸಿದರು. ಧಾರವಾಡದ ಹತ್ತಿಯನ್ನು ಕಾರವಾರದ ಬಂದರಿಗೆ ಇಳಿಸಬೇಕೆಂಬ ಲೆಕ್ಕಾಚಾರ ಅದರ ಹಿಂದಿತ್ತು. 1865ರಲ್ಲಿ ಯುದ್ಧ ಮುಗಿಯಿತು, ದರ ಕುಸಿಯಿತು, ಮುಂಬೈಯ ಶೇರು ವ್ಯವಹಾರ ನೆಲಕಚ್ಚಿತು. ಇಷ್ಟರ ಮೇಲೆ ಅನೇಕರು ಒಂದೇ ಗೆರೆ ಎಳೆದು 1876–78ರ ಬರಕ್ಕೆ ತಂದು ಸೇರಿಸುತ್ತಾರೆ: ಹತ್ತಿ ಬೆಳೆದರು, ಜೋಳ ಬಿಟ್ಟರು, ಬರ ಬಂದಾಗ ಸತ್ತರು. ಇಲ್ಲೂ ಎಚ್ಚರ ಬೇಕು. ಕುಸಿತಕ್ಕೂ ಬರಕ್ಕೂ ನಡುವೆ ಹನ್ನೊಂದು ವರ್ಷವಿದೆ. 1876ರಲ್ಲಿ ಇಡೀ ದಖ್ಖನಿನಲ್ಲಿ ಮಳೆ ಕೈಕೊಟ್ಟಿತು, ಬರದ ನಡುವೆಯೂ ದೇಶದಿಂದ ಧಾನ್ಯದ ರಫ್ತು ನಿಲ್ಲಲಿಲ್ಲ. ಹತ್ತಿಯೊಂದನ್ನೇ ಹೊಣೆ ಮಾಡಿದರೆ ಆ ರಫ್ತು ಮಾಡಲು ಬಿಟ್ಟವರು ಪಾರಾಗುತ್ತಾರೆ. ಕಾರಣವನ್ನು ಸರಿಯಾಗಿ ಹಿಡಿಯುವುದು ಸತ್ತವರಿಗೆ ಸಲ್ಲಿಸಬೇಕಾದ ನ್ಯಾಯವೂ ಹೌದು.

ಧಾರವಾಡ–ಅಮೆರಿಕನ್ ಹತ್ತಿಯಿಂದ ಆಯ್ದು 'ಗದಗ 1' ತಳಿ ಮಾಡಿದರು. ಅದನ್ನು ಕಾಂಬೋಡಿಯಾ ಹತ್ತಿಯೊಡನೆ ಕೂಡಿಸಿ ಲಕ್ಷ್ಮಿ, ಲಕ್ಷ್ಮಿಯಿಂದ 1972ರಲ್ಲಿ ವರಲಕ್ಷ್ಮಿ. ಹಿರಿಯ ರೈತರನ್ನು ಕೇಳಿದರೆ ವರಲಕ್ಷ್ಮಿ ಹತ್ತಿಯ ಕಾಲ ಅಂದಕೂಡಲೇ ಮುಖ ಅರಳುತ್ತದೆ. ಆ ಹೆಸರಿನ ಹಿಂದೆ ನ್ಯೂ ಆರ್ಲಿಯನ್ಸ್ ಇದೆ ಎಂದು ಮೊಮ್ಮಕ್ಕಳು ಮನೆಗೆ ಹೋಗಿ ಅಜ್ಜನಿಗೆ ಹೇಳುವಂತಾಗಬೇಕು.

2.6 ಎಂಬ ಅಂಕಿ

ಹತ್ತನೇತ್ತದಲ್ಲಿ ಹಿಟ್ಲರ್ ಬರುತ್ತಾನೆ. ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿಗೆ 1919ರ ವರ್ಸೇಲ್ಸ್ ಒಪ್ಪಂದದಿಂದ ಆದ ಅವಮಾನದಿಂದ ನಾಜಿ ಪಕ್ಷ ಬೆಳೆಯಿತು ಎಂಬುದು ಸಿದ್ಧ ಉತ್ತರ. ಗ್ರಾಫ್ ಹಾಳೆಯಲ್ಲಿ ವರ್ಷಕ್ಕೆ ಒಂದು ಸೆಂಟಿಮೀಟರಿನಂತೆ 1919ರಿಂದ 1933ರವರೆಗೆ ಗೆರೆ ಹಾಕಿಸಿ, ನಾಜಿಗಳಿಗೆ ಬಿದ್ದ ಮತಗಳ ಪಾಲನ್ನು ಗುರುತಿಸಲು ಹೇಳಿ. 1928ರ ಮೇ: ಶೇ 2.6. 1930ರ ಸೆಪ್ಟೆಂಬರ್: ಶೇ 18.3. 1932ರ ಜುಲೈ: ಶೇ 37.3. ಅದೇ ನವೆಂಬರ್: ಶೇ 33.1. ಒಪ್ಪಂದವಾಗಿ ಒಂಬತ್ತು ವರ್ಷಕ್ಕೆ, ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್ ಆಗಿದ್ದ 1923ರ ಹಣದುಬ್ಬರ ದಾಟಿ ಐದು ವರ್ಷಕ್ಕೆ, ನೂರರಲ್ಲಿ ಮೂರು ಜನವೂ ಅವನಿಗೆ ಮತ ಹಾಕಿರಲಿಲ್ಲ. ಗೆರೆ ಮೇಲಕ್ಕೆ ನೆಗೆಯುವುದು 1929ರ ಆರ್ಥಿಕ ಕುಸಿತದ ನಂತರ. 1932ರ ಆರಂಭದಲ್ಲಿ ಜರ್ಮನಿಯಲ್ಲಿ ಕೆಲಸವಿಲ್ಲದವರು ಸುಮಾರು 60 ಲಕ್ಷ. ಇನ್ನೊಂದು ಸಂಗತಿ ಗ್ರಾಫಿನಲ್ಲಿ ಕಾಣಿಸಿದರೂ ಪಾಠದಲ್ಲಿ ತಪ್ಪಿಹೋಗುತ್ತದೆ. ಅವನು ಎಂದೂ ಮುಕ್ತ ಚುನಾವಣೆಯಲ್ಲಿ ಬಹುಮತ ಪಡೆಯಲಿಲ್ಲ. ಮತ ಇಳಿಯತೊಡಗಿದ ಮೇಲೆ, 1933ರ ಜನವರಿ 30ರಂದು, ಅಧ್ಯಕ್ಷ ಹಿಂಡೆನ್‌ಬರ್ಗ್ ಅವನನ್ನು ಕರೆದು ಚಾನ್ಸಲರ್ ಮಾಡಿದ. ಜನ ಆರಿಸಿದರು ಎಂಬ ಅರ್ಧ ಮಾತಿಗೂ ಅಧಿಕಾರದಲ್ಲಿದ್ದವರು ಬಾಗಿಲು ತೆರೆದರು ಎಂಬ ಪೂರ್ತಿ ಮಾತಿಗೂ ನಡುವಿನ ಅಂತರವನ್ನು ಹದಿನಾಲ್ಕು ಸೆಂಟಿಮೀಟರ್ ಗ್ರಾಫ್ ತೋರಿಸಿಕೊಡುತ್ತದೆ.

ಇವತ್ತಿಗೆ ಇದು ಯಾಕೆ ಬೇಕು ಎಂಬುದಕ್ಕೆ ಕಿರಾಣಿ ಅಂಗಡಿಯ ಉದಾಹರಣೆಯೇ ಸಾಕು. 2022ರಲ್ಲಿ ಸೂರ್ಯಕಾಂತಿ ಎಣ್ಣೆ ತುಟ್ಟಿಯಾದಾಗ ಎಲ್ಲರ ಬಾಯಲ್ಲೂ ಒಂದೇ ಮಾತು, ಉಕ್ರೇನ್ ಯುದ್ಧ. ನಾವು ತರಿಸುವ ಆ ಎಣ್ಣೆಯಲ್ಲಿ ಬಹುಪಾಲು ಉಕ್ರೇನಿನದೇ ಆಗಿತ್ತು, ಹಾಗಾಗಿ ಮಾತು ಸುಳ್ಳಲ್ಲ. ಆದರೆ ಯುದ್ಧ ಶುರುವಾದದ್ದು ಫೆಬ್ರವರಿ 24ಕ್ಕೆ, ಅಡುಗೆ ಎಣ್ಣೆಯ ದರ 2021ರಲ್ಲೇ ಏರಿತ್ತು. ಏಪ್ರಿಲ್ ಕೊನೆಗೆ ಇಂಡೋನೇಷ್ಯಾ ತಾಳೆಎಣ್ಣೆಯ ರಫ್ತು ನಿಲ್ಲಿಸಿದ್ದು ಬೇರೆ. ಮೊಬೈಲಿಗೆ ಬಂದುಬೀಳುವ ಪ್ರತಿಯೊಂದು ಸಂದೇಶದಲ್ಲೂ ಒಂದು 'ಅದಕ್ಕೇ' ಇರುತ್ತದೆ. 1453ರ ಹಿಂದಿನ ಇಸವಿ ಹುಡುಕಿದ ಹುಡುಗಿ ಇದರ ಹಿಂದಿನ ತಾರೀಖನ್ನೂ ಹುಡುಕುತ್ತಾಳೆ ಎಂಬ ಭರವಸೆ ನನಗಿದೆ.

ಎಲ್ಲಿ ಕೆಡುತ್ತದೆ

ಮೊದಲನೆಯದು, ಒಂದು ಕಾರಣ ಅಲುಗಾಡಿದ ಕೂಡಲೇ ಮಕ್ಕಳು ಪುಸ್ತಕವೇ ಸುಳ್ಳು ಅನ್ನತೊಡಗುತ್ತಾರೆ. ಇದು ಅಪಾಯ. ಅದೇ ಪಾಠದಲ್ಲಿ ಇಟಲಿಯ ವರ್ತಕರ ಏಕಸ್ವಾಮ್ಯದ ಮಾತೂ ಇದೆ, ದಿಕ್ಸೂಚಿ–ಆಸ್ಟ್ರೋಲೇಬಿನ ಮಾತೂ ಇದೆ. ಪರೀಕ್ಷೆ ಒಂದು ಸಾಲನ್ನು ಮಾತ್ರ ಎತ್ತಿ ಹಿಡಿಯಿತು, ಅಷ್ಟೇ. ಮರಳಿ ಪುಸ್ತಕಕ್ಕೆ ಕರೆದೊಯ್ದು ಉಳಿದ ಸಾಲುಗಳನ್ನು ಓದಿಸದೆ ಪಾಠ ಬಿಡಬಾರದು. ಎರಡನೆಯದು, ಊರಿನ ಹತ್ತಿ ಬಂದ ಮೇಲೆ ಅಮೆರಿಕದ ಗುಲಾಮರು ಮರೆತುಹೋಗುತ್ತಾರೆ. ನಮ್ಮ ಜಿಲ್ಲೆಯ ಹೆಸರು ಬಂತೆಂಬ ಖುಷಿಯಲ್ಲಿ ಇಡೀ ಪಾಠ ಊರಿನ ಹೆಮ್ಮೆಯಾಗಿಬಿಡುತ್ತದೆ. ಇನ್ನು ವೇಳೆಯ ಮಾತು. ಇಸವಿ ಜೋಡಿಸುವುದಕ್ಕೆ ಒಂದು ಅವಧಿ, ದಾರದ ಕೆಲಸಕ್ಕೆ ಒಂದು, ಹತ್ತಿಗೆ ಎರಡು. ಹತ್ತನೇತ್ತದಲ್ಲಿ ಜನವರಿಯ ನಂತರ ಇದನ್ನು ಶುರುಮಾಡಿದರೆ ಆಗುವುದಿಲ್ಲ, ಆಗ ಎಲ್ಲರ ಕಣ್ಣೂ 80 ಅಂಕದ ಪ್ರಶ್ನೆಪತ್ರಿಕೆಯ ಮೇಲಿರುತ್ತದೆ. ಹತ್ತಿಯ ಪಾಠವಂತೂ ಒಂಬತ್ತರಲ್ಲಿ, ಹೊಲದಲ್ಲಿ ಹತ್ತಿ ಬಿಡಿಸುವ ಕಾಲದಲ್ಲಿ ಆಗಬೇಕು. ಉಳಿದ 20 ಆಂತರಿಕ ಅಂಕಗಳ ಚಟುವಟಿಕೆಗೆ ಇವನ್ನೇ ಲೆಕ್ಕ ಹಿಡಿಯಬಹುದು, ಅಂಗಡಿಯಲ್ಲಿ ಕೊಂಡ ಚಾರ್ಟಿಗಿಂತ ಇದು ಎಷ್ಟೋ ಮೇಲು.

ಕೊನೆಗೆ ಒಂದು ಅಭ್ಯಾಸ, ಯಾವ ಸಾಲಿಯಲ್ಲಿ ಬೇಕಾದರೂ ಮಾಡಿಸಬಹುದಾದದ್ದು. ಹೌರಾದಿಂದ ಹೊರಟ ಅಮರಾವತಿ ಎಕ್ಸ್‌ಪ್ರೆಸ್ ಗದಗ, ಹುಬ್ಬಳ್ಳಿ, ಧಾರವಾಡದ ಮೇಲೆ ಹಾಯ್ದು ಹೋಗಿ ನಿಲ್ಲುವ ಊರಿನ ಹೆಸರು ವಾಸ್ಕೋ ಡ ಗಾಮಾ. ಧಾರವಾಡದ ಹತ್ತಿಗಾಗಿ ಸಜ್ಜುಗೊಳಿಸಿದ ಬಂದರು ಕಾರವಾರ. ಹಾಗಿದ್ದೂ ರೈಲು ಕಾರವಾರಕ್ಕೆ ಇಳಿಯದೆ ಗೋವೆಗೆ ಯಾಕೆ ಹೋಯಿತು? ಹಲಗೆಯ ಮೇಲೆ ಬರೆಯಬೇಕಾದ ಇಸವಿಗಳು: 1862, ಉತ್ತರ ಕನ್ನಡ ಮುಂಬೈ ಪ್ರಾಂತಕ್ಕೆ. 1865, ಹತ್ತಿಯ ದರ ಕುಸಿತ. 1876–78, ಬರ. 1878, ಬ್ರಿಟಿಷರಿಗೂ ಪೋರ್ಚುಗೀಸರಿಗೂ ಗೋವೆಯ ಬಗ್ಗೆ ಒಪ್ಪಂದ. 1882, ಸದರ್ನ್ ಮರಾಠಾ ರೈಲ್ವೆ ಕಂಪನಿ. 1884, ಗದಗಕ್ಕೆ ರೈಲು. 1888ರ ಹೊತ್ತಿಗೆ ಮರ್ಮಗೋವಾ ಬಂದರಿನವರೆಗೆ ಹಳಿ. ಹುಬ್ಬಳ್ಳಿ–ಅಂಕೋಲಾ ಮಾರ್ಗ ಇನ್ನೂ ಆಗಿಲ್ಲ. ಇವನ್ನೆಲ್ಲ ಹಿಂದುಮುಂದು ಮಾಡಿ ಬರೆದು, ಸೀಮೆಸುಣ್ಣವನ್ನು ಹಿಂದಿನ ಸಾಲಿನವರ ಕೈಗೆ ಕೊಡಬೇಕು.